ಬಿಟ್ಟರೂ ಬದುಕದ ಮೀನು: ಬಾಡಿಗೆ ದೋಣಿಗಳ ಗಾಳಕ್ಕೆ ಹೊಸ ಶಿಸ್ತು

ಹಿಡಿದ ಮೀನನ್ನು ಮರಳಿ ಕಡಲಿಗೆ ಬಿಟ್ಟರೆ ಅದು ಬದುಕಿಕೊಳ್ಳುತ್ತದೆ ಎಂಬುದು ಹವ್ಯಾಸಿ ಗಾಳಗಾರರ ಹಳೆಯ ನಂಬಿಕೆ. ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ಈ ನಂಬಿಕೆಯೇ ವಿವಾದದ ಕೇಂದ್ರವಾಗಿದೆ. ಅಲ್ಲಿನ ಫೆಡರಲ್ ಜಲಪ್ರದೇಶದಲ್ಲಿ ರೆಡ್ ಸ್ನ್ಯಾಪರ್ ಮೀನನ್ನು ಮನೆಗೊಯ್ಯಲು ಹವ್ಯಾಸಿಗಳಿಗೆ 2024ರಲ್ಲಿ ದೊರೆತದ್ದು ಒಂದೇ ದಿನ, 2025ರಲ್ಲಿ ಎರಡು ದಿನ.

ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ದೋಣಿಗಳ ನಾವಿಕರಿಗೆ ಇದು ಅರ್ಥವಾಗದ ಒಗಟು. ಎಲ್ಲಿ ಗಾಳ ಇಳಿಬಿಟ್ಟರೂ ಈ ಮೀನೇ ಸಿಗುತ್ತಿರುವಾಗ ನಿರ್ಬಂಧವೇಕೆ ಎಂಬುದು ಅವರ ಪ್ರಶ್ನೆ. ಉತ್ತರವೂ ಅಲ್ಲಿಯೇ ಅಡಗಿದೆ. ರೆಡ್ ಸ್ನ್ಯಾಪರ್ ಇತರ ಮೀನುಗಳೊಂದಿಗೆ ಒಂದೇ ಬಂಡೆಸಾಲಿನಲ್ಲಿ ವಾಸಿಸುತ್ತದೆ. ಹೀಗಾಗಿ ಋತು ಮುಚ್ಚಿದ್ದಾಗಲೂ ಅದು ಗಾಳಕ್ಕೆ ಬೀಳುತ್ತದೆ. ನಿಯಮದಂತೆ ಬಿಟ್ಟುಬಿಟ್ಟರೂ ಅವುಗಳಲ್ಲಿ ಹಲವು ಸಾಯುತ್ತವೆ. ಈ ಸಾವೇ ಮುಖ್ಯ ಸಮಸ್ಯೆ ಎನ್ನುತ್ತದೆ ಅಮೆರಿಕದ ಸಾಗರ ಸಂಸ್ಥೆ ನೋವಾ.

ಇದರ ಹಿಂದಿರುವುದು ಸರಳ ಭೌತಶಾಸ್ತ್ರ. 30 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಸುಮಾರು ನಾಲ್ಕು ಪಟ್ಟು. ಅಲ್ಲಿಂದ ಮೀನನ್ನು ವೇಗವಾಗಿ ಎಳೆದಾಗ ಅದರ ಈಜುಚೀಲದಲ್ಲಿನ ಅನಿಲ ಹಿಗ್ಗುತ್ತದೆ. ಕಣ್ಣು ಉಬ್ಬುತ್ತದೆ, ಜಠರ ಬಾಯಿಯಿಂದ ಹೊರಬರುತ್ತದೆ. ಹಾಗೆ ಬಿಟ್ಟ ಮೀನು ಕೆಳಗಿಳಿಯಲಾರದೆ ತೇಲುತ್ತಾ ಶಾರ್ಕ್, ಡಾಲ್ಫಿನ್‌ಗಳ ಪಾಲಾಗುತ್ತದೆ.

ಪರಿಹಾರ ಗಾಳದ ಕ್ರಮದಲ್ಲಿಯೇ ಇದೆ. ಮೊದಲನೆಯದು ವೃತ್ತಾಕಾರದ ಕೊಕ್ಕೆ. ಇದು ಹೆಚ್ಚಾಗಿ ಬಾಯಿಯ ಅಂಚಿಗೇ ಸಿಕ್ಕಿಕೊಳ್ಳುತ್ತದೆ, ಒಳಗೆ ಇಳಿದು ಕರುಳನ್ನು ಹರಿಯುವುದು ಅಪರೂಪ. ಆದರೆ ಮೀನು ಕಚ್ಚಿದೊಡನೆ ಕೋಲನ್ನು ಝಾಡಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು, ದಾರವನ್ನು ನಿಧಾನವಾಗಿ ಬಿಗಿಗೊಳಿಸುತ್ತಾ ಸುತ್ತಬೇಕು. ಎರಡನೆಯದು ಮೀನನ್ನು ಭಾರ ಕಟ್ಟಿ ಮರಳಿ ಆಳಕ್ಕೆ ಇಳಿಸುವ ಸಾಧನ. ದಕ್ಷಿಣ ಅಟ್ಲಾಂಟಿಕ್ ವಲಯದಲ್ಲಿ 2020ರ ಜುಲೈನಿಂದ ಬಂಡೆಸಾಲಿನ ಮೀನು ಹಿಡಿಯುವ ಪ್ರತಿ ದೋಣಿಯಲ್ಲೂ ಇದನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು ಕಡ್ಡಾಯವಾಯಿತು. ಹೊರಬಂದ ಜಠರವನ್ನು ಚುಚ್ಚಿ ಗಾಳಿ ತೆಗೆಯುವುದು ತಪ್ಪು, ಅದು ಈಜುಚೀಲವಲ್ಲ. ಮೂರನೆಯದು ಸ್ಥಳಾಂತರ. ಬೇಡದ ಮೀನೇ ಮತ್ತೆ ಮತ್ತೆ ಬರುತ್ತಿದ್ದರೆ ಲಂಗರು ಎತ್ತಿ ಬೇರೆಡೆಗೆ ಹೋಗುವುದೇ ವಿವೇಕ.

ಸಾಧನ ದೋಣಿಯಲ್ಲಿದ್ದ ಮಾತ್ರಕ್ಕೆ ಬಳಕೆಯಾಗುತ್ತದೆ ಎಂದೇನಿಲ್ಲ. ಹತ್ತಾರು ಪ್ರವಾಸಿಗರು ಒಟ್ಟಿಗೆ ಗಾಳ ಹಾಕಿರುವಾಗ ಒಂದೊಂದು ಮೀನನ್ನೂ ಆಳಕ್ಕೆ ಇಳಿಸುವ ತಾಳ್ಮೆ ಯಾರಿಗಿದೆ? ಈ ಅಂತರದಿಂದಲೇ ಸರ್ಕಾರ ಕಠಿಣ ಕ್ರಮದತ್ತ ಹೊರಳಿತು. 2025ರ ಜನವರಿಯಲ್ಲಿ ಫ್ಲೋರಿಡಾದ ಈಶಾನ್ಯ ಕಡಲಿನ ಒಂದು ಭಾಗದಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹವ್ಯಾಸಿಗಳು ಈ ಗುಂಪಿನ 55 ಜಾತಿಯ ಮೀನುಗಳನ್ನೂ ಹಿಡಿಯದಂತೆ ತಡೆಯುವ ಪ್ರಸ್ತಾಪ ಬಂತು. ತೀವ್ರ ವಿರೋಧ ವ್ಯಕ್ತವಾಯಿತು, ಅದೇ ವರ್ಷದ ಜೂನ್‌ನಲ್ಲಿ ಹೊರಬಂದ ಅಂತಿಮ ನಿಯಮದಲ್ಲಿ ಅದು ಇರಲಿಲ್ಲ. ನಾವಿಕರ ಜೀವನೋಪಾಯ ಸದ್ಯಕ್ಕೆ ಉಳಿಯಿತು, ಮೂಲ ಸಮಸ್ಯೆ ಹಾಗೆಯೇ ಉಳಿಯಿತು. ರೆಡ್ ಸ್ನ್ಯಾಪರ್ 50 ವರ್ಷಕ್ಕೂ ಹೆಚ್ಚು ಬದುಕಬಲ್ಲ ಮೀನು. ಎಳೆಯ ಮೀನುಗಳು ಹೇರಳವಾಗಿ ಕಂಡರೂ ಹೆಚ್ಚು ಮೊಟ್ಟೆಯಿಡುವ ಹಿರಿಯ ಮೀನುಗಳ ಸಂಖ್ಯೆ ಮರಳಲು ದಶಕಗಳೇ ಬೇಕು.

ಇದು ದೂರದ ದೇಶದ ಜಗಳವೆಂದು ತಳ್ಳಿಹಾಕುವಂತಿಲ್ಲ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳಗಳನ್ನು ನೋಡಲು ಪ್ರವಾಸಿಗರು ಬರುತ್ತಿದ್ದಾರೆ. ನಾಳೆ ಗಾಳದ ಪ್ರವಾಸವೂ ಅಲ್ಲಿ ಬೆಳೆದರೆ, ಒತ್ತಡದ ನಿಯಮ ಅರಬ್ಬಿ ಸಮುದ್ರದ ಮೀನಿಗೂ ಬೇರೆಯಲ್ಲ. ದೋಣಿಗೆ ಪರವಾನಗಿ ನೀಡುವ ಮೊದಲೇ ಕೊಕ್ಕೆಯ ಬಗೆ, ಇಳಿಸುವ ಸಾಧನ ಮತ್ತು ಸಿಬ್ಬಂದಿಯ ತರಬೇತಿಯನ್ನು ನಿರ್ಧರಿಸುವುದು ಸುಲಭ. ಮೀನು ಕಡಿಮೆಯಾದ ಮೇಲೆ ದಿನಗಳನ್ನು ಎಣಿಸಿಕೊಡುವುದು ಎಷ್ಟು ಕಷ್ಟವೆಂಬುದನ್ನು ಅಮೆರಿಕ ಈಗಾಗಲೇ ತೋರಿಸಿಕೊಟ್ಟಿದೆ.