ಸೋಡಚೀಟಿಯೂ ಡಿಕ್ರಿಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಗಂಡಹೆಂಡಿರು ಒಪ್ಪಿ ಬೇರೆಯಾಗುವುದು ಹೊಸ ಸಂಗತಿಯೇನೂ ಅಲ್ಲ. ದೈವದ ಹಿರಿಯರು ಕಟ್ಟೆಯ ಮೇಲೆ ಕೂಡುವುದು, ಕೊಟ್ಟದ್ದು ತಂದದ್ದರ ಲೆಕ್ಕ ಮಾಡುವುದು, ಸೋಡಚೀಟಿ ಬರೆದು ಕೈಗಿಡುವುದು, ಇವೆಲ್ಲ ಅನೇಕ ಸಮುದಾಯಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ರೂಢಿ. ಹಾಗೆ ಬಿಡುಗಡೆ ಪಡೆದ ಹೆಣ್ಣಿಗೆ ಉಡಿಕಿಯ ಮೂಲಕ ಮತ್ತೊಂದು ಸಂಸಾರಕ್ಕೆ ದಾರಿಯೂ ಇತ್ತು. ವಿವಾಹವೆಂದರೆ ಜನ್ಮಜನ್ಮಾಂತರದ ಬಂಧವೆಂದು ಪುರಾಣಿಕರು ಹೇಳುತ್ತಿದ್ದಾಗಲೇ ದುಡಿಯುವ ಜನ ತಮ್ಮ ವಿವೇಕಕ್ಕೆ ತಕ್ಕಂತೆ ನಡೆದುಕೊಂಡರು. ಶಾಸ್ತ್ರಕಾರರೂ ಇದನ್ನು ಅರಿಯದವರಲ್ಲ. ಧರ್ಮ್ಯವಿವಾಹಗಳನ್ನು ಹೊರತುಪಡಿಸಿ, ಪರಸ್ಪರ ದ್ವೇಷವುಂಟಾದ ದಂಪತಿಗಳಿಗೆ ಕೌಟಿಲ್ಯ ಬಿಡುಗಡೆಯನ್ನು ಹೇಳಿದ್ದಾನೆ. ಅದಕ್ಕೆ ಅವನು ಬಳಸಿದ ಶಬ್ದ ‘ಮೋಕ್ಷ’ ಎಂಬುದು ಗಮನಾರ್ಹ.

ಈಗ ಸೋಡಚೀಟಿಯ ಜಾಗಕ್ಕೆ ಛಾಪಾ ಕಾಗದ ಬಂದಿದೆ. ಜನ ಅದನ್ನು ‘ಬಾಂಡ್’ ಎನ್ನುತ್ತಾರೆ. ಉಭಯತರು ಸಹಿ ಇಲ್ಲವೇ ಹೆಬ್ಬೆಟ್ಟು ಒತ್ತುತ್ತಾರೆ. ನಾಲ್ವರು ಸಾಕ್ಷಿ ಹಾಕುತ್ತಾರೆ. ನೋಟರಿಯ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಮೇಲೆ ಸರಕಾರವೇ ಬಿಡುಗಡೆ ಕೊಟ್ಟಂತಾಯಿತೆಂಬ ನಂಬಿಕೆ ಬಲವಾಗಿದೆ. ಆದರೆ ಆ ಕಾಗದಕ್ಕೆ ಮದುವೆಯನ್ನು ಮುರಿಯುವ ಶಕ್ತಿ ಇಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 29ನೆಯ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದೆಯಾದರೂ, ಅಂಥ ರೂಢಿ ತಮ್ಮ ಸಮುದಾಯದಲ್ಲಿ ಉಂಟೆಂದು ಹೇಳುವವರು ಅದನ್ನು ನ್ಯಾಯಾಲಯದಲ್ಲಿ ಸ್ಪಷ್ಟವಾಗಿ ವಾದಿಸಿ ಸಾಬೀತುಗೊಳಿಸಬೇಕು. ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಇದನ್ನೇ ಹೇಳಿತು. ರೂಢಿ ಸಾಬೀತಾಗದಿದ್ದರೆ ಬಾಂಡಿನ ಬಲದ ಮೇಲೆ ಆದ ಎರಡನೆಯ ಮದುವೆ ಅಸಿಂಧು. ಏಳು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ದ್ವಿಪತ್ನಿತ್ವದ ಆಪಾದನೆಗೂ ಅದು ಆಸ್ಪದ ಕೊಡುತ್ತದೆ. ಗಂಡ ಬದುಕಿರುವಷ್ಟು ದಿನ ಯಾರೂ ಕೇಳುವುದಿಲ್ಲ. ಅವನು ಸತ್ತು ಹೊಲದ ಪಹಣಿಯೋ ಪಿಂಚಣಿಯೋ ಕೈಬದಲಾಗಬೇಕಾದಾಗ, ಇಪ್ಪತ್ತು ವರ್ಷ ಬಾಳಿದ ಹೆಂಡತಿ ಕಾಯಿದೆಯ ಕಣ್ಣಿನಲ್ಲಿ ಹೆಂಡತಿಯೇ ಅಲ್ಲವೆಂಬುದು ಹೊರಬೀಳುತ್ತದೆ. ಮಕ್ಕಳನ್ನಾದರೂ 16ನೆಯ ಕಲಮು ಔರಸರೆಂದು ಕಾಪಾಡುತ್ತದೆ. ತಾಯಿಗೆ ಆ ಆಸರೆಯೂ ಇಲ್ಲ.

ಈ ಭಾಗದ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. ಪಶ್ಚಿಮಕ್ಕೆ ಗದಗು ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿ 1947ರಲ್ಲಿಯೇ ಹಿಂದೂ ವಿಚ್ಛೇದನ ಕಾಯಿದೆ ಬಂತು. ತುಂಗಭದ್ರೆಯ ಆಚೆ ಹೊಸಪೇಟೆ ಮದರಾಸಿಗೆ ಸೇರಿತ್ತು. ಅಲ್ಲಿಯೂ 1949ರಲ್ಲಿ ಕಾಯಿದೆಯಾಯಿತು. ನಡುವಣ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದಿನಲ್ಲಿದ್ದುದು, ಕೋರ್ಟಿನ ಭಾಷೆ ಉರ್ದು. ಮೂರು ಸೀಮೆಗಳಿಗೂ ಒಂದೇ ಶಾಸನ ಬಂದದ್ದು 1955ರಲ್ಲಿ. ಅದರಲ್ಲೂ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಎಡೆಯಿರಲಿಲ್ಲ. ಒಬ್ಬರು ಮತ್ತೊಬ್ಬರ ಮೇಲೆ ವ್ಯಭಿಚಾರವನ್ನೋ ರೋಗವನ್ನೋ ಮತಾಂತರವನ್ನೋ ಆರೋಪಿಸಲೇಬೇಕಾಗಿತ್ತು. ಕಟ್ಟೆಯ ಮೇಲಿನ ಹಿರಿಯರು ಗೌರವದಿಂದ ಮುಗಿಸುತ್ತಿದ್ದ ಸಂಗತಿಗೆ ಕೋರ್ಟು ಕೆಸರೆರಚಾಟವನ್ನು ಬೇಡುತ್ತಿತ್ತು. 1976ರ ತಿದ್ದುಪಡಿಯಿಂದ 13-ಬಿ ಕಲಮು ಸೇರಿತು. ನಮ್ಮ ಹಳ್ಳಿಯ ವಿವೇಕಕ್ಕೆ ಶಾಸನ ಬಂದು ಮುಟ್ಟಲು ಇಷ್ಟು ಕಾಲ ಹಿಡಿಯಿತೆಂದರೆ ತಪ್ಪಾಗದು.

ಆ ಕಲಮು ಕೇಳುವುದು ಹೆಚ್ಚೇನಲ್ಲ. ದಂಪತಿಗಳು ಒಂದು ವರ್ಷವಾದರೂ ಬೇರೆಯಾಗಿ ಬಾಳಿರಬೇಕು, ಕೂಡಿ ಬಾಳಲಾರದವರಾಗಿರಬೇಕು, ಬಿಡುಗಡೆಗೆ ಇಬ್ಬರೂ ಒಪ್ಪಿರಬೇಕು. ಬೇರೆ ಬಾಳುವುದೆಂದರೆ ಬೇರೆ ಮನೆಯೇ ಆಗಬೇಕಿಲ್ಲ, ಒಂದೇ ಸೂರಿನಡಿ ಇದ್ದೂ ಸತಿಪತಿಗಳಂತೆ ಬಾಳದಿದ್ದರೆ ಸಾಕೆಂದು 1991ರ ತೀರ್ಪೊಂದು ವಿವರಿಸಿದೆ. ಇಬ್ಬರೂ ಕೂಡಿ ಅರ್ಜಿ ಕೊಟ್ಟ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ, ಮತ್ತೊಮ್ಮೆ ಬಂದು ಅದೇ ಮಾತನ್ನು ಹೇಳಬೇಕು. ಆಗ ನ್ಯಾಯಾಧೀಶರು ವಿಚಾರಿಸಿ ಡಿಕ್ರಿ ಕೊಡುತ್ತಾರೆ. ಡಿಕ್ರಿಯಾಗುವವರೆಗೆ ಯಾರೊಬ್ಬರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಒಂದೂವರೆ ವರ್ಷದಿಂದ ದೂರವಿದ್ದು, ರಾಜಿಯ ಯತ್ನ ವಿಫಲವಾಗಿ, ಜೀವನಾಂಶ, ಮಕ್ಕಳು ಮುಂತಾದ ಎಲ್ಲವೂ ಇತ್ಯರ್ಥವಾಗಿದ್ದಲ್ಲಿ ಆ ಆರು ತಿಂಗಳ ಅವಧಿಯನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ.

ಇಷ್ಟಕ್ಕೆ ವಕೀಲರು ಬೇಕೇ ಬೇಕೆ? ಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಅಲ್ಲಿ ವಕೀಲರ ಮೂಲಕ ವಾದಿಸುವುದು ಪಕ್ಷಗಾರರ ಹಕ್ಕೇ ಅಲ್ಲ, ಅಗತ್ಯವೆನಿಸಿದರೆ ನ್ಯಾಯಾಲಯವೇ ಕಾನೂನು ಬಲ್ಲವರೊಬ್ಬರ ನೆರವು ಪಡೆಯಬಹುದು. ಕುಟುಂಬ ನ್ಯಾಯಾಲಯವಿಲ್ಲದೆಡೆ ಸಿವಿಲ್ ನ್ಯಾಯಾಲಯದಲ್ಲಿಯೂ ಖುದ್ದು ಹಾಜರಾಗಿ ತನ್ನ ಮಾತನ್ನು ತಾನೇ ಹೇಳಿಕೊಳ್ಳಲು ಅಡ್ಡಿಯಿಲ್ಲ. ಹೀಗಿದ್ದೂ ಜನ ಬಾಂಡಿನ ಕಡೆಗೇ ಓಡುವುದೇಕೆ? ಫೀಜಿನ ಅಂಜಿಕೆ ಒಂದು ಕಾರಣ, ನಿಜ. ಅದಕ್ಕಿಂತ ದೊಡ್ಡದು ಭಾಷೆಯ ಅಂಜಿಕೆಯೆಂದು ನನಗೆ ತೋರುತ್ತದೆ.

ಅಧೀನ ನ್ಯಾಯಾಲಯಗಳ ಭಾಷೆ ಕನ್ನಡವಾಗಿ ದಶಕಗಳೇ ಸಂದಿವೆ. ಆದರೂ ಅರ್ಜಿಗಳು ಇಂಗ್ಲಿಷಿನಲ್ಲಿರುತ್ತವೆ, ಇಲ್ಲವೇ ‘ಸದರಿ’, ‘ಮೇಲ್ಕಾಣಿಸಿದ’, ‘ಮಾನ್ಯ ಘನ’ಗಳ ನಡುವೆ ಕ್ರಿಯಾಪದವೇ ಕಾಣೆಯಾಗುವ ಕನ್ನಡದಲ್ಲಿರುತ್ತವೆ. ನಿಜಾಮರ ಕಾಲದ ‘ಫಿರ್ಯಾದಿ’, ‘ದಾವೆ’ಗಳನ್ನು ಜನ ನಾಲಗೆಗೆ ಒಗ್ಗಿಸಿಕೊಂಡರು, ನಮ್ಮದೆನ್ನುವ ಈ ಹೊಸ ಕಚೇರಿಗನ್ನಡ ಮಾತ್ರ ಒಗ್ಗಲಿಲ್ಲ. ಕೋರ್ಟಿಗೆ ತಿಳಿಯಬೇಕಾದುದಾದರೂ ಏನು? ನಾವು ಇಂಥವರು, ಇಂಥ ದಿನ ಇಂಥ ಊರಿನಲ್ಲಿ ಮದುವೆಯಾದೆವು. ಇಂಥ ತಿಂಗಳಿಂದ ಬೇರೆಯಾಗಿದ್ದೇವೆ. ಮಕ್ಕಳು ಇಷ್ಟು, ಯಾರ ಬಳಿ ಇರುತ್ತಾರೆ, ಅವರ ಖರ್ಚು ಯಾರದು. ಕೊಡುವ ಕೊಳ್ಳುವ ಲೆಕ್ಕ ಹೀಗೆ ಮುಗಿದಿದೆ. ಯಾರ ಬಲವಂತವೂ ಇಲ್ಲ. ಇದರ ಜೊತೆಗೆ ಲಗ್ನಪತ್ರಿಕೆ, ಫೋಟೋ, ವಿಳಾಸದ ಪುರಾವೆ, ಇಬ್ಬರ ಪ್ರಮಾಣಪತ್ರ. ಏಳನೆಯ ಇಯತ್ತೆ ಓದಿದವನು ಬರೆಯಬಲ್ಲ ವಾಕ್ಯಗಳಿವು.

ಆದರೆ ಬರೆಯಬಲ್ಲವನು ಯಾರು ಎಂಬ ಪ್ರಶ್ನೆಯನ್ನು ಮರೆಯುವಂತಿಲ್ಲ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ ಎಪ್ಪತ್ತೆಂಟರಷ್ಟು ಮಂದಿ ಅಕ್ಷರಸ್ಥರು, ಹೆಂಗಸರಲ್ಲಿ ಐವತ್ತೇಳರಷ್ಟು. ಇಬ್ಬರೂ ಕೂಡಿ ಕೊಟ್ಟ ಅರ್ಜಿಯೆಂದರೂ ಗಂಡನ ಕಡೆಯವರು ಬರೆದು ಹೆಂಡತಿ ಹೆಬ್ಬೆಟ್ಟೊತ್ತಿದ ಅರ್ಜಿಯಾಗುವುದು ಸುಲಭ. ಜೀವನಾಂಶ ಬೇಡ, ಒಡವೆ ಬೇಡ, ಏನೂ ಬೇಡ ಎಂದು ಬರೆದುಕೊಟ್ಟವಳು ನಿಜವಾಗಿ ಒಪ್ಪಿದ್ದಾಳೋ, ಅಣ್ಣತಮ್ಮಂದಿರ ಮನೆಯಲ್ಲಿ ಅನ್ನಕ್ಕೆ ಭಾರವಾದೆನೆಂದು ಸೋತಿದ್ದಾಳೋ? ಒಪ್ಪಿಗೆ ಬಲಾತ್ಕಾರ, ವಂಚನೆ, ಒತ್ತಡಗಳಿಂದ ಬಂದುದಲ್ಲವೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕೆಂದು ಕಾಯಿದೆ ವಿಧಿಸಿರುವುದು ಇದಕ್ಕಾಗಿಯೇ. ವಕೀಲರಿಲ್ಲದ ಅರ್ಜಿ ಬಂದಾಗ ಹೆಂಡತಿಯನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಅವಳ ಮಾತಿನಲ್ಲಿಯೇ ನಾಲ್ಕು ಪ್ರಶ್ನೆ ಕೇಳುವ ವ್ಯವಧಾನ ಪೀಠಕ್ಕಿರಬೇಕು. ಎರಡು ಮಾತು ಹೆಚ್ಚಾದರೂ ಸರಿ.

ವಕೀಲರಿಗೆ ಹಣ ತೆರದಿರುವುದು ಬೇರೆ, ಸಲಹೆಯಿಲ್ಲದಿರುವುದು ಬೇರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಎಲ್ಲ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ವರಮಾನವೆಷ್ಟೆಂದು ಕೇಳದೆ, ಉಚಿತ ಕಾನೂನು ನೆರವು ದೊರೆಯಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲಿಯೇ ಅದಕ್ಕೆ ಸಮಿತಿಯುಂಟು. ಮೇಲೆ ಹೇಳಿದ ವಾಕ್ಯಗಳನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ, ದಿನಾಂಕ ಹೆಸರುಗಳಿಗೆ ಜಾಗ ಬಿಟ್ಟು, ಆ ಸಮಿತಿಯ ಮೇಜಿನ ಮೇಲೆ ಇಡುವುದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ. ಅಲ್ಲಿನ ವಕೀಲರೊಬ್ಬರು ಅದನ್ನು ಹೆಣ್ಣುಮಗಳಿಗೆ ಓದಿ ಹೇಳಿದರೆ ಅರ್ಧ ರಕ್ಷಣೆ ಅಲ್ಲಿಯೇ ದೊರೆತಂತೆ.

ಯಲಬುರ್ಗಾ ಕುಷ್ಟಗಿಗಳ ಒಣಬೇಸಾಯದ ಜನಕ್ಕೆ ಇನ್ನೊಂದು ತೊಡಕುಂಟು. ಗುಳೆ ಹೋದವರು ಒಬ್ಬರು ಬೆಂಗಳೂರಿನಲ್ಲಿ, ಮತ್ತೊಬ್ಬರು ಗೋವೆಯಲ್ಲಿ. ಒಂದು ಪೇಶಿಗೆ ಬರುವುದೆಂದರೆ ಎರಡು ಮೂರು ದಿನದ ಕೂಲಿ ಕಳೆದಂತೆ. ಮದುವೆಯಾದ ಊರು, ಕೊನೆಗೆ ಕೂಡಿ ಬಾಳಿದ ಊರು, 2003ರ ತಿದ್ದುಪಡಿಯ ಮೇಲೆ ಹೆಂಡತಿ ಈಗ ವಾಸವಾಗಿರುವ ಊರು, ಇವುಗಳಲ್ಲಿ ಯಾವ ಕೋರ್ಟು ಅನುಕೂಲವೋ ಅಲ್ಲಿ ಅವಳು ಅರ್ಜಿ ಹಾಕಬಹುದು. ಮೊದಲ ದಿನವೇ ಇಬ್ಬರೂ ನ್ಯಾಯಾಧೀಶರಲ್ಲಿ ನಿವೇದಿಸಿಕೊಂಡು, ಎರಡನೆಯ ಹಾಜರಿಯನ್ನು ಯುಗಾದಿಗೋ ಊರ ಜಾತ್ರೆಗೋ, ಗುಳೆ ಹೋದವರು ಹೇಗೂ ಊರಿಗೆ ಮರಳುವ ದಿನಗಳ ಹತ್ತಿರಕ್ಕೆ ಕೇಳಿಕೊಳ್ಳುವುದು ಲೇಸು.