ಹಿಂದಿರುಗದವರ ಕಥೆ ಯಾರು ಹೇಳಬೇಕು?

2023ರ ಜೂನ್ 1ರಂದು ನಮ್ಮ ಚಾಮರಾಜನಗರದ ಹತ್ತಿರ ಭೋಗಾಪುರದಲ್ಲಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದಿದ್ದು ನಿಮಗೆ ನೆನಪಿರಬಹುದು. ವಿಮಾನ ಉರಿದುಹೋಯ್ತು. ಅದಕ್ಕೆ ಮೊದಲೇ ಇಬ್ಬರೂ ಪೈಲಟ್‌ಗಳು ಸೀಟಿನ ಸಮೇತ ಹೊರಕ್ಕೆ ಚಿಮ್ಮಿ, ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯಲ್ಲೆಲ್ಲ ಅವತ್ತು ಅದೇ ಮಾತು.

ಆ ಇಬ್ಬರು ಉಳಿದರು, ಹಾಗಾಗಿ ಆಕಾಶದಲ್ಲಿ ಏನಾಯಿತು ಅಂತ ಅವರನ್ನೇ ಕೇಳಬಹುದು. ಯುದ್ಧದಲ್ಲಿ ಹಾರಿ ಹೋಗಿ ವಾಪಸ್ ಬಾರದವರ ಕಥೆಯನ್ನು ಯಾರು ಹೇಳಬೇಕು? ಇದಕ್ಕೆ ಉತ್ತರ ನಮ್ಮ ಪಕ್ಕದ ಕೊಡಗಿನಲ್ಲೇ ಇದೆ. 1965ರ ಯುದ್ಧ, ಒಂದೇ ಸೆಪ್ಟೆಂಬರ್ ತಿಂಗಳು, ಇಬ್ಬರು ಕೊಡವ ಪೈಲಟ್‌ಗಳು. ಒಬ್ಬರು ಬಂದು ತಮ್ಮ ಕಥೆ ತಾವೇ ಹೇಳಿದರು. ಇನ್ನೊಬ್ಬರ ಕಥೆಯನ್ನು ಹೇಳಿದ್ದು ಶತ್ರು ಕಡೆಯವರು!

ಮೊದಲು ಬಂದವರ ಕಥೆ ನೋಡೋಣ. ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ಎಲ್ಲರ ಬಾಯಲ್ಲಿ ‘ನಂದ’. ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ. ಯುದ್ಧ ಮುಗಿಯುವುದಕ್ಕೆ ಇನ್ನೊಂದು ದಿನವೂ ಇರಲಿಲ್ಲ. ಸೆಪ್ಟೆಂಬರ್ 22ರಂದು ಹಂಟರ್ ವಿಮಾನಗಳ ತಂಡದೊಂದಿಗೆ ದಾಳಿಗೆ ಹೋದರು. ನೆಲದಿಂದ ಹಾರಿಸಿದ ಗುಂಡು ಬಡಿದು ವಿಮಾನಕ್ಕೆ ಬೆಂಕಿ ಹತ್ತಿತು. ಸೀಟಿನ ಹಿಡಿ ಎಳೆದರು.

ಈ ‘ಹಿಡಿ ಎಳೆಯೋದು’ ಸಿನಿಮಾದಲ್ಲಿ ಕಾಣುವಷ್ಟು ಸಲೀಸಲ್ಲ. ಸೀಟಿನ ಹಿಂದೆ ಸಿಡಿಮದ್ದು ಇರುತ್ತದೆ. ಅದು ಸಿಡಿದಾಗ ಕೂತಿರುವವರ ಬೆನ್ನುಮೂಳೆಯ ಮೇಲೆ ದೇಹದ ತೂಕದ ಹತ್ತು ಹದಿನೈದು ಪಟ್ಟು ಭಾರ ಕ್ಷಣಮಾತ್ರದಲ್ಲಿ ಬೀಳುತ್ತದೆ. ಪ್ರಾಣ ಉಳಿದರೂ ಬೆನ್ನು ಉಳಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಂದ ಅವರಿಗೂ ಬೆನ್ನಿಗೇ ಪೆಟ್ಟಾಯಿತು. ಇಳಿದದ್ದು ಪಾಕಿಸ್ತಾನದ ಸೈನಿಕರ ಮಧ್ಯೆ. ಯುದ್ಧ ಕೈದಿಯಾದರು.

ಅಲ್ಲಿಂದ ಮುಂದಿನದ್ದು ಬಹಳ ಜನರಿಗೆ ಗೊತ್ತು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್, ದೇಶ ಒಡೆಯುವ ಮೊದಲು ಸೈನ್ಯದಲ್ಲಿ ಜನರಲ್ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನ ವಿಚಾರವಾಗಿ ಮಡಿಕೇರಿಯಲ್ಲಿದ್ದ ಹಳೆಯ ಮೇಲಧಿಕಾರಿಗೆ ಸಂದೇಶ ಕಳಿಸಿದರು. ಕೈದಿಗಳೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಥರ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಹೋಯಿತು. ಅಯೂಬ್ ಅವರ ಹೆಂಡತಿ ಮತ್ತು ಮಗ ಬಂದು ತನ್ನನ್ನು ನೋಡಿದ್ದನ್ನು, ಸಿಗರೇಟು ಮತ್ತು ವುಡ್‌ಹೌಸ್ ಕಾದಂಬರಿ ತಂದುಕೊಟ್ಟದ್ದನ್ನು ನಂದ ಕಾರ್ಯಪ್ಪ ಆಮೇಲೆ ಹೇಳಿಕೊಂಡಿದ್ದಾರೆ. 1966ರ ಜನವರಿಯಲ್ಲಿ ಬಿಡುಗಡೆಯಾಗಿ ಬಂದರು, ಏರ್ ಮಾರ್ಷಲ್ ಆಗಿ ನಿವೃತ್ತರಾದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು. ಸಿಗರೇಟು, ಕಾದಂಬರಿಯಂಥ ಸಣ್ಣ ವಿವರ ಕೂಡ ಇವತ್ತು ನಮಗೆ ಗೊತ್ತಿರೋದು ಅವರು ಬಂದು ಹೇಳಿದ್ದಕ್ಕೆ.

ಈಗ ಇನ್ನೊಬ್ಬರು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಆಗ ಅವರಿಗೆ 32 ವರ್ಷ. ನಮ್ಮ ವಯಸ್ಸಿನವರು ಒಂದು ನಿಮಿಷ ನಿಂತು ಯೋಚಿಸಬೇಕಾದ ಅಂಕಿ ಇದು. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧ ವಾಯುನೆಲೆಗೆ ಹೊರಟವು. ದೇವಯ್ಯ ಮುಖ್ಯ ತಂಡದಲ್ಲಿ ಇರಲಿಲ್ಲ, ಕಾದಿಟ್ಟ ಪೈಲಟ್ ಆಗಿದ್ದರು. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ. ಸರದಿ ಬಂತು.

ಆದಂಪುರದಿಂದ ಸರ್ಗೋಧಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ನಾವು ಕೊಳ್ಳೇಗಾಲದಿಂದ ಬೆಂಗಳೂರಿಗೆ ಹೋಗಿ ಬಂದಷ್ಟು. ರಡಾರ್ ಕಣ್ಣು ತಪ್ಪಿಸಲು ನೆಲಕ್ಕೆ ತೀರಾ ಹತ್ತಿರ ಹಾರಬೇಕು. ಹಾಗೆ ತಗ್ಗಿನಲ್ಲಿ ಹಾರಿದರೆ ಜೆಟ್ ಎಂಜಿನ್ ಇಂಧನವನ್ನು ಗಟಗಟ ಕುಡಿಯುತ್ತದೆ. ಅಂದರೆ ಹೋಗಬೇಕು, ದಾಳಿ ಮಾಡಬೇಕು, ತಿರುಗಬೇಕು, ಅಷ್ಟೇ. ದಾರಿಯಲ್ಲಿ ಯಾರ ಜೊತೆಗೂ ಜಗಳಕ್ಕೆ ನಿಲ್ಲುವಷ್ಟು ಇಂಧನ ಇರೋದಿಲ್ಲ.

ಆ ದಾರಿಯಲ್ಲಿ ಎದುರಾದದ್ದು ಸ್ಟಾರ್‌ಫೈಟರ್. ಅಮೆರಿಕ ಪಾಕಿಸ್ತಾನಕ್ಕೆ ಕೊಟ್ಟಿದ್ದ ಈ ವಿಮಾನ ಶಬ್ದದ ಎರಡು ಪಟ್ಟು ವೇಗದಲ್ಲಿ ಓಡಬಲ್ಲದು. ಮಿಸ್ಟೇರ್ ನೆಟ್ಟಗೆ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದು. ಓಡಿ ತಪ್ಪಿಸಿಕೊಳ್ಳೋದು ಸಾಧ್ಯವಿಲ್ಲ. ಆದರೆ ಸ್ಟಾರ್‌ಫೈಟರ್‌ಗೂ ಒಂದು ಕೊರತೆ ಇತ್ತು: ರೆಕ್ಕೆ ಬಹಳ ಚಿಕ್ಕದು. ನೇರ ಓಟಕ್ಕೆ ಅದು ಒಳ್ಳೆಯದು, ತಿರುವಿಗಲ್ಲ. ತಾಳಬೆಟ್ಟ ದಾಟಿ ಮಾದಪ್ಪನ ಬೆಟ್ಟ ಹತ್ತಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಹೈವೇಯಲ್ಲಿ ನಮ್ಮನ್ನು ಹಿಂದೆ ಹಾಕಿದ ದೊಡ್ಡ ಕಾರು ಬೆಟ್ಟದ ತಿರುವುಗಳಲ್ಲಿ ಒದ್ದಾಡುವಾಗ, ಹಳೇ ಬೈಕು ಸರಾಗವಾಗಿ ತಿರುಗಿಕೊಂಡು ಹೋಗುತ್ತದೆ. ಎದುರಾಳಿ ವೇಗ ಇಳಿಸಿ ತಗ್ಗಿನಲ್ಲಿ ತಿರುಗಾಟಕ್ಕೆ ಇಳಿದರೆ ಮಿಸ್ಟೇರ್‌ಗೂ ಒಂದು ಅವಕಾಶ ಉಂಟು.

ಸ್ಟಾರ್‌ಫೈಟರ್ ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಗುಂಡೇಟಿಗೆ ದೇವಯ್ಯನವರ ವಿಮಾನ ಜಖಂ ಆಯಿತು. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದರು, ಗುಂಡು ಹಾರಿಸಿದರು. ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಹೊರಕ್ಕೆ ಹಾರಿ ಬದುಕಿದರು. ದೇವಯ್ಯ ಉಳಿಯಲಿಲ್ಲ. ಆ ಕಡೆಯ ಹಳ್ಳಿಯವರೇ ಅವರನ್ನು ಮಣ್ಣು ಮಾಡಿದರು.

ಈ ಕಾದಾಟ ನಮ್ಮವರಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲ. ಆದಂಪುರದಲ್ಲಿ ಉಳಿದದ್ದು ‘ವಾಪಸ್ ಬಂದಿಲ್ಲ’ ಅನ್ನೋ ಮಾತು ಮಾತ್ರ. ಏಟು ಬಿತ್ತೋ, ಇಂಧನ ಮುಗಿಯಿತೋ, ಸೆರೆ ಸಿಕ್ಕರೋ, ಯಾರಿಗೂ ಗೊತ್ತಿಲ್ಲ. ಮನೆಯವರ ಪಾಲಿಗೆ ವರ್ಷಗಟ್ಟಲೆ ಅಷ್ಟೇ ಉತ್ತರ. ಸಾವಿನ ಸುದ್ದಿಗಾದರೂ ಒಂದು ಕೊನೆ ಇರುತ್ತೆ, ‘ಗೊತ್ತಿಲ್ಲ’ ಅನ್ನೋದಕ್ಕೆ ಕೊನೆ ಎಲ್ಲಿ?

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಬರಹಗಾರ ಆ ಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಪುಸ್ತಕ ಬರೆದರು. ಮಿಸ್ಟೇರ್ ಒಂದು ತಮ್ಮ ಸ್ಟಾರ್‌ಫೈಟರನ್ನು ಉರುಳಿಸಿದ್ದು ಅದರಲ್ಲಿ ದಾಖಲಾಗಿತ್ತು. ನಮ್ಮ ವಾಯುಪಡೆಯವರು ತಮ್ಮ ದಾಖಲೆಗಳ ಜೊತೆ ಅದನ್ನು ತಾಳೆ ನೋಡಿದರು. ಹಿಂದಿರುಗಿದ ಮಿಸ್ಟೇರ್ ಪೈಲಟ್‌ಗಳಲ್ಲಿ ಯಾರೂ ಸ್ಟಾರ್‌ಫೈಟರ್ ಹೊಡೆದೆ ಅಂದಿರಲಿಲ್ಲ. ಹಾಗಾದರೆ ಉಳಿದವರು ಒಬ್ಬರೇ. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಘಟನೆಯಾಗಿ 23 ವರ್ಷದ ಮೇಲೆ!

ಸಾಫ್ಟ್‌ವೇರ್ ಕೆಲಸದಲ್ಲಿ ಸರ್ವರ್ ಬಿದ್ದುಹೋದರೆ ನಾವು ಮೊದಲು ನೋಡೋದು ಲಾಗ್. ಏನಾಯಿತು ಅಂತ ಯಂತ್ರ ತನ್ನಷ್ಟಕ್ಕೆ ಬರೆದಿಟ್ಟಿರುತ್ತದೆ. ಕೆಲವು ಸಲ ಬಿದ್ದ ಸರ್ವರ್‌ನ ಲಾಗ್ ಅದರ ಜೊತೆಗೇ ಹೋಗಿರುತ್ತದೆ. ಆಗ ಅದರ ಜೊತೆ ಮಾತಾಡುತ್ತಿದ್ದ ಇನ್ನೊಂದು ಸರ್ವರ್‌ನ ಲಾಗ್ ಹುಡುಕಬೇಕು. ದೇವಯ್ಯನವರ ವಿಷಯದಲ್ಲಿ ಆ ಇನ್ನೊಂದು ಲಾಗ್ ಗಡಿಯಾಚೆ ಇತ್ತು. ಅಮ್ಜದ್ ಬದುಕಿರದಿದ್ದರೆ, ತಮಗೆ ಹೊಡೆದದ್ದು ಒಂದು ಮಿಸ್ಟೇರ್ ಅಂತ ಅವರ ಕಡೆಯವರು ಬಚ್ಚಿಟ್ಟಿದ್ದರೆ, ಇವತ್ತಿಗೂ ನಮ್ಮ ಹತ್ತಿರ ಇರುತ್ತಿದ್ದದ್ದು ‘ವಾಪಸ್ ಬಂದಿಲ್ಲ’ ಅನ್ನೋದಷ್ಟೇ.

ಈಗ ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ. 2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಅನ್ನೋ ಹಿಂದಿ ಸಿನಿಮಾ ಬಂತು, ಇದೇ ಘಟನೆಯನ್ನು ಆಧರಿಸಿ. ಅದರಲ್ಲಿ ಪಾತ್ರದ ಹೆಸರು ಬೇರೆ. ಸಿನಿಮಾ ನೋಡಿದ ಮಕ್ಕಳಿಗೆ ನಿಜವಾದ ಹೆಸರು ಹೇಳಿಕೊಡುವ ಕೆಲಸ ನಮ್ಮದೇ.

ಹಳೇ ಕಾಲದಲ್ಲಿ ಊರಿಗಾಗಿ ಸತ್ತವರಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಮಾದಪ್ಪನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು, ಮಂಟೇಸ್ವಾಮಿ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು, ಹಾಡಿ ಹಾಡಿಯೇ ಉಳಿಸಿಕೊಂಡು ಬಂದ ಸೀಮೆ ನಮ್ಮದು. ಬಾಯಿಂದ ಬಾಯಿಗೆ ದಾಟಿಸೋದು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಸೈನ್ಯದಿಂದ ನಿವೃತ್ತರಾಗಿ ಬಂದ ಮನೆಯ ಹಿರಿಯರನ್ನು ಕೂರಿಸಿಕೊಂಡು ನಾವೆಷ್ಟು ಜನ ಕೇಳಿದ್ದೇವೆ? ಅವರ ಪಿಂಚಣಿ, ಕ್ಯಾಂಟೀನ್ ಕಾರ್ಡು ನಮಗೆ ಗೊತ್ತು. ಅವರು ಯಾವ ವರ್ಷ, ಯಾವ ಊರಲ್ಲಿ, ಯಾರ ಪಕ್ಕ ನಿಂತಿದ್ದರು ಅನ್ನೋದು ಗೊತ್ತಿಲ್ಲ.

ಅದಕ್ಕೆ ಸ್ಟುಡಿಯೊ ಬೇಕಾಗಿಲ್ಲ. ಕೈಯಲ್ಲಿರೋ ಫೋನಿನ ರೆಕಾರ್ಡರ್ ಸಾಕು. ಯಾವಾಗ ಸೇರಿದಿರಿ, ಯಾವ ದಳ, ಜೊತೆಗಿದ್ದವರು ಯಾರು, ಅವರಲ್ಲಿ ಹಿಂದಿರುಗದವರು ಯಾರು ಅಂತ ಕೇಳಿ. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಹಿಂದಿರುಗದವರ ಹೆಸರು ಈಗ ಉಳಿದಿರುವುದು ಅವರ ಪಕ್ಕ ನಿಂತಿದ್ದವರ ನಾಲಿಗೆಯ ಮೇಲೆ. ಆ ಹಿರಿಯರಿಗೂ ಈಗ ಎಂಬತ್ತು ದಾಟಿದೆ.