ಕೊಲೆಸ್ಟ್ರಾಲ್ ಮಾತ್ರೆ ಶ್ವಾಸಕೋಶದ ಉರಿಯೂತ ತಣಿಸೀತೇ?

ಕೋವಿಡ್ ಉಲ್ಬಣಿಸಿದಾಗ ಶ್ವಾಸಕೋಶವನ್ನು ಕೆಡಿಸುವುದು ವೈರಸ್ ಒಂದೇ ಅಲ್ಲ, ಅದರ ವಿರುದ್ಧ ಹದ್ದು ಮೀರಿ ಹೋರಾಡುವ ದೇಹದ ರಕ್ಷಣಾ ವ್ಯವಸ್ಥೆಯೂ ಹೌದು. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಇದನ್ನು ಎತ್ತಿ ತೋರಿಸಿತು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೆರಾಯ್ಡ್, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಶೇ 41ರಿಂದ ಶೇ 29ಕ್ಕೆ ಇಳಿಸಿತು. ಹಾಗಾದರೆ ಲಕ್ಷಾಂತರ ಮಂದಿ ಹೃದಯಕ್ಕೆಂದು ನುಂಗುವ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್‌ನಿಂದಲೂ ಇಂಥ ಉಪಕಾರ ಆದೀತೇ?

ಈ ನಿರೀಕ್ಷೆಗೆ ಆಧಾರವಿದೆ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಬೂಷ್ಟಿನಿಂದ ಬೇರ್ಪಡಿಸಿದ ಮೊದಲ ಸ್ಟ್ಯಾಟಿನ್, ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವೊಂದನ್ನು ತಡೆಯುತ್ತಿತ್ತು. ಆದರೆ ಆ ಕಿಣ್ವದ ದಾರಿಯಲ್ಲೇ ರೋ, ರಾಸ್ ಎಂಬ ಪ್ರೋಟೀನ್‌ಗಳಿಗೆ ಬೇಕಾದ ಕೊಬ್ಬಿನ ತುಣುಕುಗಳೂ ಹುಟ್ಟುತ್ತವೆ. ಅವು ಸಿಗದಿದ್ದರೆ ಉರಿಯೂತದ ಸಂದೇಶಗಳು ಮಂದವಾಗುತ್ತವೆ. 2008ರ ಜುಪಿಟರ್ ಪ್ರಯೋಗದಲ್ಲಿ ರೋಸುವಾಸ್ಟ್ಯಾಟಿನ್ ಪಡೆದವರ ರಕ್ತದಲ್ಲಿ ಉರಿಯೂತದ ಸೂಚಕ ಸಿಆರ್‌ಪಿ ಶೇ 37ರಷ್ಟು ಇಳಿದಿತ್ತು.

ಅಮೆರಿಕದಲ್ಲಿ 2007–08ರ ಫ್ಲೂ ಹಂಗಾಮಿನಲ್ಲಿ ಆಸ್ಪತ್ರೆ ಸೇರಿದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದಾಗ, ಸ್ಟ್ಯಾಟಿನ್ ಪಡೆದವರಲ್ಲಿ ಸಾವು ಕಡಿಮೆ ಕಂಡಿತು. ಆದರೆ ಮಾತ್ರೆಯನ್ನು ತಪ್ಪದೆ ನುಂಗುವವರು ತಪಾಸಣೆ, ಲಸಿಕೆಗಳಲ್ಲೂ ಮುಂದಿರುತ್ತಾರೆ. ಉಳಿಸಿದ್ದು ಮಾತ್ರೆಯೋ, ಆ ಎಚ್ಚರವೋ?

ಇದನ್ನು ಬಿಡಿಸಲು ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚುವ ಪ್ರಯೋಗವೇ ಬೇಕು. ನಾನಾ ಕಾರಣಗಳಿಂದ ಶ್ವಾಸಕೋಶ ಕುಸಿದವರ ಮೇಲೆ ನಡೆದ ಹಾರ್ಪ್-2 ಪ್ರಯೋಗದಲ್ಲಿ (2014) ಸಿಮ್ವಾಸ್ಟ್ಯಾಟಿನ್ ಒಟ್ಟಾರೆ ಗೆಲ್ಲಲಿಲ್ಲ. 2018ರಲ್ಲಿ ಅದೇ ಮಾಹಿತಿಯನ್ನು ಮತ್ತೆ ಜಾಲಾಡಿದಾಗ, ಉರಿಯೂತ ಅತಿಯಾಗಿದ್ದ ಗುಂಪಿನಲ್ಲಿ ಮಾತ್ರೆ ಪಡೆದವರು ಹೆಚ್ಚು ಬದುಕುಳಿದದ್ದು ಕಂಡಿತು. ರೋಸುವಾಸ್ಟ್ಯಾಟಿನ್ ಬಳಸಿದ ಸೈಲ್ಸ್ ಪ್ರಯೋಗದಲ್ಲಿ ಹಾಗೆ ಕಾಣಲಿಲ್ಲ. ಇರಾನಿನಲ್ಲಿ ಕೋವಿಡ್ ರೋಗಿಗಳಿಗೆ ಕೊಟ್ಟ 20 ಮಿ.ಗ್ರಾಂ. ಅಟೋರ್ವಾಸ್ಟ್ಯಾಟಿನ್ ಕೂಡ ಸ್ಪಷ್ಟ ಲಾಭ ತೋರಲಿಲ್ಲ.

2023ರಲ್ಲಿ ಪ್ರಕಟವಾದ ರೀಮ್ಯಾಪ್-ಕ್ಯಾಪ್ ಪ್ರಯೋಗದ ಫಲಿತಾಂಶ ಇನ್ನೂ ಕುತೂಹಲಕರ. ತೀವ್ರ ನಿಗಾ ಘಟಕದ ಕೋವಿಡ್ ರೋಗಿಗಳಿಗೆ ಸಿಮ್ವಾಸ್ಟ್ಯಾಟಿನ್ ಅದಿಲ್ಲದ ಚಿಕಿತ್ಸೆಗಿಂತ ಮೇಲಾಗಿರುವ ಸಂಭವ ಶೇ 95.9 ಎಂದು ಲೆಕ್ಕ ಬಂತು. ಮೊದಲೇ ಗೊತ್ತುಮಾಡಿದ್ದ ಗೆರೆ ಶೇ 99. ರೋಗಿಗಳ ಸಂಖ್ಯೆ ಇಳಿದಿದ್ದರಿಂದ ಪ್ರಯೋಗ ಅಲ್ಲಿಗೇ ನಿಂತಿತು.

ಇಷ್ಟರಿಂದ ಸ್ಟ್ಯಾಟಿನ್ ಗೆದ್ದಿತೆನ್ನುವುದು ಅವಸರ, ಸೋತಿತೆನ್ನುವುದೂ ಅವಸರವೇ. ಎಲ್ಲರನ್ನೂ ಒಂದೇ ರಾಶಿಗೆ ಹಾಕದೆ, ರಕ್ತಪರೀಕ್ಷೆಯಿಂದ ಉರಿಯೂತದ ಬಗೆ ಗುರುತಿಸಿ ಮಾತ್ರೆಯನ್ನು ಮತ್ತೆ ಪರೀಕ್ಷಿಸಬೇಕು. ಪೇಟೆಂಟ್ ಮುಗಿದ ಔಷಧಕ್ಕೆ ಕಂಪನಿಗಳು ಹಣ ಸುರಿಯುವುದು ಅಪರೂಪ. ಆ ಖರ್ಚನ್ನು ಸರ್ಕಾರಗಳೇ ಹೊರಬೇಕು. ಅಲ್ಲಿಯವರೆಗೆ ಹೃದಯಕ್ಕೆಂದು ಸ್ಟ್ಯಾಟಿನ್ ನುಂಗುವವರು ಜ್ವರ ಬಂತೆಂದು ವೈದ್ಯರನ್ನು ಕೇಳದೆ ಅದನ್ನು ಬಿಡಬಾರದು. ಉಳಿದವರು ಫ್ಲೂಗೆಂದು ಅದನ್ನು ಕೊಂಡು ನುಂಗಬಾರದು.